ಒಣಗಿದ ಕಣಗಿಲೆ

ನಾನು ಚಿಕ್ಕವನಿದ್ದಾಗ ಗೋಗಿ ಊರಿನ ಆಚೆ ಕಾಲುವೆ ತೋಡುತ್ತಿದ್ದರು. ನಮ್ಮ ನಾಲ್ಕು ಕತ್ತೆಗಳು ಬೆಳಗಿನಿಂದ ಸಂಜೆಯವರೆಗೆ ಗೋಣಿಚೀಲದಲ್ಲಿ ಮಣ್ಣು ಹೊತ್ತು ಏರಿಗೆ ಸಾಗಿಸುತ್ತಿದ್ದವು. ಬೇಸಿಗೆಯಲ್ಲಿ ಹುಲ್ಲಿನ ಎಳೆಯೂ ಸಿಗುತ್ತಿರಲಿಲ್ಲ. ಅದಕ್ಕೆ ಮರದ ಟೊಂಗೆ ಹಾಕುತ್ತಿದ್ದೆವು. ಸೊಪ್ಪು ಮುಗಿದ ಮೇಲೆ ತೊಗಟೆಯನ್ನೂ ಕರಕರ ಸುಲಿದು ತಿಂದು ಕಟ್ಟಿಗೆಯನ್ನು ಬೆಳ್ಳಗೆ ಮಾಡಿಬಿಡುತ್ತಿದ್ದವು.

"ಜಾಲಿ, ಬೇವು, ಬಾರಿ. ಈ ಮೂರು ಬಿಟ್ಟು ಬ್ಯಾರೆ ಹಾಕಿದ್ರ ಕಾಲು ಮುರೀತೀನಿ ನೋಡು" ಎಂದು ಅಪ್ಪ ಹೇಳಿಟ್ಟಿದ್ದ. ಅಪ್ಪ ಸುಮ್ಮನೆ ಹೆದರಿಸುವವನಲ್ಲ. ಟೊಂಗೆ ತರುವುದು ನನ್ನ ಕೆಲಸ. ಜಾಲಿ ಮುಳ್ಳು ಚುಚ್ಚಿ ನನ್ನ ಅಂಗೈಯಲ್ಲಿ ಯಾವಾಗಲೂ ಕೀವು ತುಂಬಿರುತ್ತಿತ್ತು.

ಕಾಲುವೆ ಕ್ಯಾಂಪಿನ ಸುತ್ತ ಕಣಗಿಲೆ ಬೇಲಿ ಇತ್ತು. ಹಸಿ ಕಣಗಿಲೆಯನ್ನು ಕತ್ತೆಗಳು ಮೂಸಿ ಮುಖ ತಿರುಗಿಸುತ್ತಿದ್ದವು. ಒಂದು ದಿನ ಅಲ್ಲಿ ಕತ್ತರಿಸಿ ಎಸೆದ ಟೊಂಗೆಗಳು ಬಿಸಿಲಿಗೆ ಒಣಗಿ ಬಿದ್ದಿದ್ದವು. ಒಂದು ಮುಳ್ಳೂ ಇಲ್ಲ. ಒಣಗಿದರೆ ಕಹಿ ಹೋಗುತ್ತದೆ, ಕಹಿ ಹೋದರೆ ವಿಷವೂ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸೋಮಾರಿಯ ಬುದ್ಧಿ ಬಲು ಚುರುಕು! ಒಂದು ತೆಕ್ಕೆ ತಂದು ಬಿಳಿ ಕತ್ತೆಗೆ ಹಾಕಿದೆ. ಅವಳು ಮರಿ ಹಾಕಿ ತಿಂಗಳಾಗಿತ್ತು, ಸದಾ ಹಸಿವು. ನನಗೆ ಅವಳೆಂದರೆ ಜೀವ, ಅದಕ್ಕೇ ಅವಳೊಬ್ಬಳಿಗೇ ಹಾಕಿದ್ದೆ. ಒಂದೆಲೆಯೂ ಬಿಡದೆ ತಿಂದಳು.

ಬೆಳಿಗ್ಗೆ ಅವಳ ಬಾಯಲ್ಲಿ ನೊರೆ ಬರುತ್ತಿತ್ತು, ಕಾಲು ನಡುಗುತ್ತಿದ್ದವು. ಮತ್ತೆ ಮತ್ತೆ ಹೊಟ್ಟೆಯ ಕಡೆ ತಿರುಗಿ ನೋಡುತ್ತಿದ್ದಳು. "ಕಳ್ಳ ಮುಂಡೆ, ಸೋಗು ಹಾಕ್ತೀಯೇನ?" ಎಂದು ಅಪ್ಪ ಬಡಿಗೆ ಎತ್ತಿದ. ಮಣ್ಣು ಹೇರಿಸಿ ಏರಿ ಹತ್ತಿಸಿದ. ಅವಳು ನಿಂತಲ್ಲೆಲ್ಲ ಬಡಿದ. ಬೆನ್ನ ಮೇಲೆ ಬಾಸುಂಡೆ ಎದ್ದು ರಕ್ತ ಜಿನುಗಿತು.

ಅಕ್ಕ ನನ್ನ ರಟ್ಟೆ ಹಿಡಿದು ಎಳೆದಳು. "ನಿನ್ನಿ ಸಂಜೀಕ ಅದಕ್ಕ ಏನ್ ಹಾಕಿದ್ಯೋ? ಖರೇ ಹೇಳು."

"ಜಾಲಿ" ಎಂದೆ.

ನಿಜ ಹೇಳಿದ್ದರೆ ಹೊರೆ ಇಳಿಸುತ್ತಿದ್ದರು. ಅವಳು ಬದುಕುತ್ತಿದ್ದಳೋ ಇಲ್ಲವೋ, ಏಟಾದರೂ ತಪ್ಪುತ್ತಿತ್ತು. ಮೂರನೇ ಸಲ ಏರಿ ಹತ್ತುವಾಗ ಅವಳು ಬಿದ್ದಳು. ಅಪ್ಪ ಇನ್ನೂ ನಾಲ್ಕು ಬಿಗಿದ. ಆಮೇಲೆ ಅವಳು ಕದಲಲಿಲ್ಲ. ಮರಿ ಬಂದು ಹಾಲಿಗಾಗಿ ಕೆಚ್ಚಲನ್ನು ಗುದ್ದತೊಡಗಿತು.

ಅಪ್ಪ ಅವಳ ತುಟಿ ಬಿಡಿಸಿ, ಹಲ್ಲಿನ ಸಂದಿಯಿಂದ ಉದ್ದನೆಯ ಎಲೆಯೊಂದನ್ನು ಎಳೆದು ನೋಡಿದ. ಸೀದಾ ನನ್ನ ಹತ್ತಿರ ಬಂದ. ಹೊಡೆಯಲಿಲ್ಲ. ಅವಳ ಮೇಲಿನ ಚೀಲದಿಂದ ಅರ್ಧ ಮಣ್ಣು ಸುರಿದು, ಉಳಿದದ್ದನ್ನು ನನ್ನ ಹೆಗಲಿಗೆ ಹಾಕಿದ.

"ಇನ್ನ ಅದರ ಪಾಳಿ ನಿಂದು. ಹತ್ತು."

ಹೊತ್ತು ಮುಳುಗುವವರೆಗೆ ಹೊತ್ತೆ. ಪ್ರತಿ ಸಲ ಅವಳನ್ನು ದಾಟಿಯೇ ಹೋಗಬೇಕಾಗಿತ್ತು. ಜನ ನೋಡಿ ನಕ್ಕರು.

ಮೊಮ್ಮಕ್ಕಳೇ, ಈಗ ಅದೇ ಏರಿಯ ಮೇಲೆ ನೀವು ಸೈಕಲ್ ಹೊಡೆಯುತ್ತೀರಿ, ಕಾಲುವೆ ನೀರಿನಲ್ಲಿ ಬೆಳೆದ ಅನ್ನ ಉಣ್ಣುತ್ತೀರಿ. ಮೊನ್ನೆ ನಿಮ್ಮ ನಾಯಿಮರಿ ವಾಂತಿ ಮಾಡಿಕೊಂಡಾಗ, "ಮುತ್ಯಾ, ನಾನೇ ಚಾಕಲೇಟ್ ತಿನಿಸೀನಿ, ಜಲ್ದಿ ಡಾಕ್ಟರ್ ಕಡಿ ಹೋಗೂಣು ಬಾ" ಎಂದು ಚಿಕ್ಕವಳು ಅಳುತ್ತಾ ಓಡಿಬಂದಳು. ನಿಮ್ಮಪ್ಪ ಬೈದ, ಅಷ್ಟೇ. ನಾಯಿಮರಿ ಬದುಕಿತು. ನಿಮಗೆ ನಿಜ ಹೇಳಿದರೆ ಬೈಗುಳ, ನಮಗೆ ಬಡಿಗೆ. ಆದರೂ ಅದು ನೆಪವಾಗುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಅಂದು ಮಾಡಿದವನು ನಾನು, ಉಂಡವಳು ಅವಳು.