ನಾನು ಪಾಸಾದ ವರ್ಷ

ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತರಲ್ಲಿ, ಮುಚ್ಚಂಡಿಯ ನಮ್ಮ ಮನೆಯಲ್ಲಿ ‘ಪಾಸ್’ ಎಂಬ ಇಂಗ್ಲಿಷ್ ಶಬ್ದ ಎಲ್ಲರ ಬಾಯಲ್ಲೂ ಇತ್ತು. ಜೋಳದ ವ್ಯಾಪಾರಿಯಾದ ಅಪ್ಪನಿಗೆ ಪಾಸ್ ಎಂದರೆ ಕಾಳಿನ ಗಾಡಿ ಗಡಿ ದಾಟಿಸಲು ಕಚೇರಿ ಕೊಡುವ ಪರವಾನಗಿ. ಅದಕ್ಕಾಗಿ ಜತ್ತಕ್ಕೆ ಅಲೆದು ಚಪ್ಪಲಿ ಸವೆಸಿದ್ದ. ಅವ್ವನಿಗೆ ಪಾಸ್ ಎಂದರೆ ಕನ್ಯೆ ನೋಡಲು ಬಂದವರು ಒಪ್ಪುವುದು. ನನಗೆ ಮಾತ್ರ ಅದು ಏಳನೆಯ ಇಯತ್ತೆಯ ಫೈನಲ್ ಪರೀಕ್ಷೆ. ಅದೊಂದು ಆದರೆ ಶಾಲೆಯಲ್ಲಿ ಕಲಿಸುವ ಕೆಲಸ ಸಿಗುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗಲೇ ವಳಸಂಗದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರೆಂದು ಸುದ್ದಿ ಬಂತು. ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ರೊಟ್ಟಿ ಹಂಚಿನ ಮೇಲೆಯೇ ಸೀದುಹೋಗುತ್ತಿತ್ತು.

“ಅವರು ಒಲ್ಲೆ ಅಂದ್ರ ಪರೀಕ್ಷಾಕ್ಕ ಕುಂದ್ರು. ನಾ ಬ್ಯಾಡ ಅನ್ನೂದಿಲ್ಲ,” ಎಂದ ಅಪ್ಪ.

ಹುಡುಗನಿಗೆ ಓದು ಬಲ್ಲ ಹೆಂಡತಿಯೇ ಬೇಕೆಂದು ಅವರು ಮೊದಲೇ ಹೇಳಿ ಕಳಿಸಿದ್ದರು. ಬಂದವರು ಹುಡುಗಿಯನ್ನು ನಡೆಸಿ, ಓದಿಸಿ ನೋಡುವುದು ವಾಡಿಕೆ. ಒಪ್ಪಿದರೆ ಹಿರಿಯರು ಮುಂದಿಟ್ಟ ತಟ್ಟೆಯಿಂದ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಓದುವಾಗ ಬೇಕಂತಲೇ ತಡವರಿಸಬೇಕೆಂದು ನಿಶ್ಚಯಿಸಿದೆ.

ಹುಡುಗನ ಸೋದರಮಾವ ಮರಾಠಿ ಪತ್ರಿಕೆಯೊಂದನ್ನು ಕೈಗೆ ಕೊಟ್ಟರು. ಮೊದಲ ಸಾಲಿನಲ್ಲೇ ಎರಡು ಕಡೆ ಎಡವಿದೆ. ಅವರು ನಕ್ಕು ಅಪ್ಪನ ಕಡೆ ತಿರುಗಿದರು.

“ನಿಮ್ಮೂರ ಮಾಸ್ತರು ಸಾಲ್ಯಾಗ ನಿದ್ದಿ ಹೊಡಿತಾರೇನ್ರಿ?”

ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಮಾಸ್ತರರು ತಮ್ಮ ಮನೆಯ ಕಂದೀಲಿನ ಎಣ್ಣೆ ಸುಟ್ಟು ನನಗೆ ಪಾಠ ಹೇಳಿದವರು. ಹಾಳೆ ಬಿಗಿಯಾಗಿ ಹಿಡಿದು ಇಡೀ ಸುದ್ದಿಯನ್ನು ಒಂದೇ ಉಸಿರಿಗೆ ಓದಿದೆ. ಯಾರೂ ಕೇಳದಿದ್ದರೂ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿದೆ. ಪುಟ ತಿರುವಿ ಮುಂದಿನದಕ್ಕೂ ಕೈ ಹಾಕಿದಾಗ ಅವರೇ ತಡೆದರು.

“ಸಾಕು ಬಿಡು ತಂಗಿ, ಪಾಸ್ ಆದಿ,” ಎಂದು ಸಕ್ಕರೆ ಬಾಯಿಗೆ ಹಾಕಿಕೊಂಡರು.

ಅಪ್ಪನ ಮುಖ ಅರಳಿತು. ಅವನ ಸಂತೋಷ ನೋಡಿ ನನಗೆ ಸಿಟ್ಟೂ ಬಂತು, ಮರುಕವೂ ಬಂತು. ಪತ್ರಿಕೆ ಮಡಚಿ ಅವರ ಕೈಗೆ ಕೊಟ್ಟೆ.

ಪರೀಕ್ಷೆಯ ವಾರವೇ ಲಗ್ನದ ಮುಹೂರ್ತ ಬಂತು. ನನ್ನ ಜೊತೆಯ ಹುಡುಗರು ಪರೀಕ್ಷೆಗೆಂದು ಜತ್ತದ ಮೋಟಾರು ಹತ್ತುವ ಹೊತ್ತಿಗೆ ನನಗೆ ಅರಿಷಿಣ ಹಚ್ಚುತ್ತಿದ್ದರು. ಲಗ್ನದಲ್ಲಿ ಅಕ್ಷತೆ ಹಾಕಲು ಬಂದ ಮಾಸ್ತರರು ನನ್ನ ಹತ್ತಿರ ಬಾಗಿ, “ಪರೀಕ್ಷಾಕ್ಕ ಕುಂತಿದ್ರ ಮೊದಲನೇ ನಂಬರ ನಿಂದ ಇತ್ತವಾ,” ಎಂದರು.

ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಒಮ್ಮೆಲೇ ಬಂತು. ತವರು ಬಿಡುವ ದುಃಖವೆಂದು ಹೆಂಗಸರು ನನ್ನ ಬೆನ್ನು ಸವರಿದರು.