ಹಿಂದಿನ ಎಡಗಡೆ ಸೀಟು

ನಮ್ಮ ಮನೆಯಲ್ಲಿ ಯಾರಾದರೂ ದೊಡ್ಡದೇನಾದರೂ ಕೊಳ್ಳುವುದಿದ್ದರೆ ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ. ಪ್ರೀತಿಯಿಂದಲ್ಲ, ಮಾಲಿಗೆ ಹೆಸರಿಡಲಿಕ್ಕೆ, ಅಂದರೆ ಕೊಂಕು ತೆಗೆಯಲಿಕ್ಕೆ. ನಮ್ಮ ಕಡೆಯ ರೂಢಿ ಅದು. ಕೊಳ್ಳುವವರು ಚಲೋ ಅದ, ಚಲೋ ಅದ ಎಂದು ನಗುತ್ತ ನಿಲ್ಲಬೇಕು, ಜೊತೆಗೆ ಬಂದವರು ಮೂಗು ಮುರಿಯುತ್ತ ಸುತ್ತ ತಿರುಗಬೇಕು. ಎಮ್ಮೆಯಾದರೆ ಕೆಚ್ಚಲು ಸಣ್ಣದಾಯಿತು ಎನ್ನಬೇಕು, ಪ್ಲಾಟಾದರೆ ತಗ್ಗಿನಲ್ಲಿದೆ, ಮಳೆಗಾಲಕ್ಕೆ ನೀರು ನಿಲ್ಲುತ್ತದೆ ಎನ್ನಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ನಾನು ಔರಾದಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ತಪ್ಪು ಹುಡುಕಲಿಕ್ಕೇ ಸರ್ಕಾರ ನಿನಗೆ ಪಗಾರ ಕೊಡುತ್ತದೆ ಎಂದು ನನ್ನ ತಮ್ಮ ಚೇಷ್ಟೆ ಮಾಡುತ್ತಾನೆ. ನಾನು ಸಿಟ್ಟು ಬಂದವರ ಹಾಗೆ ಮಾಡುತ್ತಿದ್ದೆನಾದರೂ ಒಳಗೊಳಗೆ ಆ ಮಾತು ಹಿತವೇ ಆಗುತ್ತಿತ್ತು.

ತಮ್ಮ ಬೀದರಿನಲ್ಲಿದ್ದಾನೆ. ಪಕ್ಕದ ಕೊಳಾರದಲ್ಲಿ ಅವನದೊಂದು ಗೋದಾಮಿದೆ. ಸಾಲೆಗೆ ಹೋಗುವಾಗಿನಿಂದಲೂ ಅವನಿಗೆ ದೊಡ್ಡ ಕಾರಿನ ಹುಚ್ಚು. ಹೋದ ವರ್ಷ ಚಳಿಗಾಲದಲ್ಲಿ ಭಾಲ್ಕಿಯ ತೊಗರಿ ವ್ಯಾಪಾರಿಯೊಬ್ಬರು ತಮ್ಮ ಕಾರು ಮಾರುತ್ತಾರೆಂದು ಸುದ್ದಿ ಬಂತು. ಅಂಥಿಂಥ ಕಾರಲ್ಲ, ಮಂತ್ರಿಗಳು ಓಡಾಡುವಂಥ ಉದ್ದನೆಯ ಸೆಡಾನ್. ಹೊಸದಾಗಿದ್ದರೆ ನಮ್ಮಂಥವರು ಷೋರೂಮಿನ ಗಾಜಿನಾಚೆ ನಿಂತೇ ನೋಡಬೇಕು. ಹಳೆಯದಾದ್ದರಿಂದ ಬಾಗಿಲು ತೆಗೆದು ಒಳಗೆ ಕೂರುವ ಧೈರ್ಯ ಬಂದಿತ್ತು.

ಹೊರಡುವ ಹಿಂದಿನ ದಿನ ವ್ಯಾಪಾರಿಯೇ ಫೋನ್ ಮಾಡಿದರು. ತಮ್ಮ ಸ್ಪೀಕರಿಗೆ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

"ಬರ್ರಿ, ಆರಾಮ ನೋಡ್ರಿ. ಓಡಿಸಿ ನೋಡ್ರಿ, ಬೇಕಾದ್ರ ಮೆಕ್ಯಾನಿಕ್‌ಗ ಕರ್ಕೊಂಡು ಬರ್ರಿ. ಒಂದೇ ಮಾತದರಿ. ಹಿಂದಿನ ಎಡಗಡಿ ಸೀಟಿನ ಬಟನ್ ಮುಟ್ಟಬ್ಯಾಡ್ರಿ. ಕೀಲಿ ಕೊಡೂ ದಿನ ನಾನೇ ತೋರಸ್ತೇನಿ."

ಫೋನ್ ಇಟ್ಟ ಕೂಡಲೇ ನಾನು ತಮ್ಮನಿಗೆ, "ಹುಳುಕು ಅಲ್ಲೇ ಅದ ನೋಡು" ಎಂದೆ.

ಅವರು ಕೇಳಿದ್ದು ಅದೊಂದೇ. ಆ ಒಂದನ್ನೇ ನಾನು ನಡೆಸಿಕೊಡಲಿಲ್ಲ.

ಭಾಲ್ಕಿಯಲ್ಲಿ ಸ್ಟೇಷನ್ನಿನ ಕಡೆಗೆ ಅವರ ಮನೆ. ಐವತ್ತೈದರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಕಾರಿನ ಮೇಲಿನ ಹೊದಿಕೆಯನ್ನು ತಾವೇ ಮಡಿಸುತ್ತ ತೆಗೆದರು. ಮೆಕ್ಯಾನಿಕ್ ಎಲ್ಲಿ ಎಂದು ಕೇಳಿದಾಗ ತಮ್ಮ, "ನಮ್ಮ ಅಕ್ಕನೇ ನೋಡ್ತಾಳ್ರಿ" ಎಂದ. ಹೆಂಗಸು ಕಾರು ನೋಡುತ್ತಾಳೆಂದರೆ ಗಂಡಸರ ಮುಖದಲ್ಲೊಂದು ನಗೆ ಬರುತ್ತದೆ. ಅದು ಬಂದರೆ ಜಾಡಿಸೋಣವೆಂದು ನಾನು ತಯಾರಾಗಿಯೇ ನಿಂತಿದ್ದೆ. ಅವರು ನಗಲಿಲ್ಲ. "ನೋಡ್ರಿ ಅಕ್ಕಾರ, ನಿಮ್ದೇ ಅಂತ ತಿಳ್ಕೊಂಡು ನೋಡ್ರಿ" ಎಂದು ಕೀಲಿ ಕೈಗೆ ಕೊಟ್ಟರು.

ನಾನು ಓದಿಕೊಂಡು ಹೋಗಿದ್ದೆ. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಬೆಂಕಿಪೆಟ್ಟಿಗೆಯಷ್ಟಿರುವ ಸ್ಕ್ಯಾನರ್ ಚುಚ್ಚಿದರೆ ಕಾರಿನ ಒಳರೋಗಗಳೆಲ್ಲ ಮೊಬೈಲಿನಲ್ಲಿ ಬರುತ್ತವೆ. ಚುಚ್ಚಿದೆ. ಎಂದೋ ಬ್ಯಾಟರಿ ಇಳಿದದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಬಾಗಿಲುಗಳ ಸಂದು ನೋಡಿದೆ, ಬಣ್ಣ ಮತ್ತೆ ಬಳಿದದ್ದಿದೆಯೇ ಎಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದೆ, ಟೈರಿನ ವಯಸ್ಸು ನೋಡಿದೆ. ಅದರ ಸಸ್ಪೆನ್ಷನ್ ಗಾಳಿಯದು. ಬಟನ್ ಒತ್ತಿದರೆ ಇಡೀ ಕಾರು ಎಮ್ಮೆ ಎದ್ದು ನಿಂತಂತೆ ಮೊದಲು ಹಿಂದೆ, ಆಮೇಲೆ ಮುಂದೆ ಮೇಲೇಳುತ್ತಿತ್ತು. ಅಲ್ಲಿಯೂ ಗಾಳಿ ಸೋರುತ್ತಿರಲಿಲ್ಲ.

ಬೀದರ ರಸ್ತೆಯಲ್ಲಿ ಒಂದಿಷ್ಟು ದೂರ ಓಡಿಸಿದೆವು. ಗೆರೆ ದಾಟಿದರೆ ಸ್ಟೇರಿಂಗ್ ಕೈಯಲ್ಲಿ ನಡುಗಿ ಎಚ್ಚರಿಸುತ್ತಿತ್ತು. ಗೆರೆ ಅಳಿಸಿಹೋದ ಕಡೆ, ನಿಮ್ಮ ಹಣೆಬರಹ ಎಂಬಂತೆ ಸುಮ್ಮನಾಗುತ್ತಿತ್ತು. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂದಾಗ ತಮ್ಮ ಕಾಲು ಇಡುವ ಮೊದಲೇ ಕಾರು ತಾನೇ ಬ್ರೇಕು ಹಾಕಿತು. ತಮ್ಮ ಖುಷಿಯಿಂದ ಕೂಗಿಯೇ ಬಿಟ್ಟ. ನನಗೆ ಮಾತ್ರ ಕಿರಿಕಿರಿ ಏರುತ್ತಿತ್ತು. ಹೆಸರಿಡಲು ಬಂದವಳಿಗೆ ಇಡಲು ಒಂದು ಹೆಸರೂ ಸಿಗಲಿಲ್ಲವೆಂದರೆ ಮರ್ಯಾದೆ ಏನುಳಿಯಿತು?

ತಿರುಗಿ ಬಂದಾಗ ಅವರು, "ಮನ್ಯಾಗ ಯಾರೂ ಇಲ್ರಿ, ನಾನೇ ಚಾ ಮಾಡ್ತೇನಿ, ಜರಾ ಹೊತ್ತಾಗ್ತದ" ಎಂದು ಒಳಗೆ ಹೋದರು. ತಮ್ಮ ಗೇಟಿನ ಆಚೆ ನಿಂತು ಹೆಂಡತಿಗೆ ಫೋನಿನಲ್ಲಿ ಕಾರಿನ ವರ್ಣನೆ ಶುರುಮಾಡಿದ. ನಾನು ಹಿಂದಿನ ಎಡಗಡೆ ಬಾಗಿಲು ತೆಗೆದೆ.

ಇಂಥ ಕಾರಿನಲ್ಲಿ ಹಿಂದಿನ ಸೀಟೂ ಮೋಟಾರಿನದು. ಬೆನ್ನಿನ ಒರಗು, ಪಾದದ ಆಸರೆ, ತಲೆದಿಂಬು, ಎಲ್ಲಕ್ಕೂ ಬಾಗಿಲಲ್ಲೇ ಬಟನ್. ನಮಗೆ ಒಗ್ಗಿದ ಭಂಗಿಯನ್ನು ಒಂದು, ಎರಡು, ಮೂರು ಎಂದು ನಂಬರು ಕೊಟ್ಟು ಉಳಿಸಿಡಬಹುದು. ಆಮೇಲೆ ಆ ನಂಬರು ಒತ್ತಿದರೆ ಸೀಟು ತಾನೇ ಹಾಗೆ ಬಂದು ನಿಲ್ಲುತ್ತದೆ. ಒಂದು ಒತ್ತಿದೆ, ನೆಟ್ಟಗೆ ಕೂತಿತು. ಎರಡು ಒತ್ತಿದೆ. ಸೀಟು ಗುಂಯ್ ಎನ್ನುತ್ತ ಹಿಂದೆ ಸರಿದು, ಅರ್ಧ ಒರಗಿ, ಮೊಳಕಾಲಿನ ಕಡೆ ಬಹಳವೇ ಎತ್ತರವಾಗಿ, ತಲೆದಿಂಬು ಮುಂದಕ್ಕೆ ಬಾಗಿ ನಿಂತುಬಿಟ್ಟಿತು. ಕೂರಲಿಕ್ಕೂ ಅಲ್ಲ, ಮಲಗಲಿಕ್ಕೂ ಅಲ್ಲ. ಸಿಕ್ಕಿತು ಎಂದುಕೊಂಡೆ, ಮೋಟಾರು ನಡುವೆಯೇ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಮುಟ್ಟಬೇಡ ಅಂದದ್ದು.

ಆದರೆ ಒಂದೊಂದೇ ಬಟನ್ ಒತ್ತಿ ನೋಡಿದರೆ ಎಲ್ಲ ಮೋಟಾರುಗಳೂ ಸರಿಯಾಗಿದ್ದವು. ಹಾಗಾದರೆ ಎರಡನೇ ನಂಬರಿನಲ್ಲಿ ಯಾರೋ ತಪ್ಪು ಭಂಗಿ ಉಳಿಸಿದ್ದಾರೆ, ಅಷ್ಟೇ. ಸೀಟನ್ನು ನೆಟ್ಟಗೆ ಮಾಡಿದೆ. ಉಳಿಸುವ ಬಟನ್ ಒತ್ತಿ, ಎರಡು ಒತ್ತಿದೆ. ಟಿಣ್ ಎಂದು ಸಣ್ಣ ಸದ್ದು ಬಂತು. ಮಕ್ಕಳ ತಪ್ಪು ಉತ್ತರದ ಮೇಲೆ ಗೆರೆ ಎಳೆದು ಸರಿಯಾದದ್ದು ಬರೆದಷ್ಟು ಸಮಾಧಾನವಾಯಿತು ನನಗೆ.

ಅವರು ಟ್ರೇ ಹಿಡಿದು ಬಂದಾಗ ನಾನೇ ಮುಂದಾಗಿ ಹೇಳಿದೆ. "ಆ ಸೀಟಿಗಿ ಏನೂ ಆಗಿಲ್ರಿ. ಎರಡನೇ ನಂಬರಿನ್ಯಾಗ ತಪ್ಪು ಸೇವ್ ಆಗಿತ್ತು, ಸರಿ ಮಾಡೀನಿ."

ಅವರು ಟ್ರೇಯನ್ನು ಕಟ್ಟೆಯ ಮೇಲಿಟ್ಟರು. ಬಂದು ಬಾಗಿಲಲ್ಲಿ ಬಗ್ಗಿ ಎರಡು ಒತ್ತಿದರು. ನೆಟ್ಟಗಿದ್ದ ಸೀಟು ನೆಟ್ಟಗೇ ಇತ್ತು. ಇನ್ನೊಮ್ಮೆ ಒತ್ತಿ ಬೆರಳು ಹಾಗೇ ಹಿಡಿದರು. ಮೂರನೆಯದನ್ನೂ ಒತ್ತಿ ನೋಡಿದರು. ಆಮೇಲೆ ನೆಟ್ಟಗಾಗಿ, "ಚಾ ಆರ್ತದ್ರಿ, ಕುಡೀರಿ" ಎಂದರು.

"ಯಾಕ್ರಿ, ಏನಾತು?" ಎಂದೆ. ನನ್ನ ದನಿ ಅಷ್ಟರಲ್ಲೇ ಸಣ್ಣದಾಗಿತ್ತು.

"ನಮ್ಮ ಮನಿಯವ್ರದ್ರಿ ಅದು. ಅಕಿಗಿ ಬೆನ್ನಾಗ ಗಡ್ಡಿ ಇತ್ತು. ಹೈದರಾಬಾದಿಗಿ ದವಾಖಾನಿಗಿ ಒಯ್ಯೂದು ತರೂದು, ಬ್ಯಾರೆ ಗಾಡ್ಯಾಗ ಬಹಳ ತಕಲೀಫ್ ಆಗ್ತಿತ್ತು. ಅದಕ್ಕಂತನೇ ಇದು ತೊಗೊಂಡೆ. ದಿನಾ ಜರಾ ಜರಾ ಸರಸಿ ಸರಸಿ ಹಾಂಗ ಕೂಡಿಸಿದ್ದಿವಿ. ಅಕಿ ಮೆಹಕರದಾಕಿ, ಅತ್ತಾಗಿನ ಮರಾಠಿ ಬಾಯಿ. ಕಡೀಕೊಮ್ಮಿ 'ಆತಾ ಬರಂ ವಾಟತಂಯ್' ಅಂದಳು, ಈಗ ಹಗುರ ಅನಸ್ತದ ಅಂತ. ಅವಾಗ ಎರಡಕ್ಕ ಹಾಕಿಟ್ಟೆ."

ಹೆಂಡತಿ ತೀರಿಕೊಂಡ ಮೇಲೆ ಅವರು ದಿನವೂ ಅಂಗಡಿಗೆ ಹೋಗುವ ಮುಂಚೆ ಎರಡು ಒತ್ತಿ, ಸೀಟು ಹಾಗೆ ಒರಗುವುದನ್ನು ನೋಡುತ್ತ ಕೂರುತ್ತಿದ್ದರಂತೆ. ಕೂತರೆ ಏಳುತ್ತಿರಲಿಲ್ಲವಂತೆ. ಹೀಗೇ ಬಿಟ್ಟರೆ ಅಪ್ಪ ಅಂಗಡಿ ಮರೆಯುತ್ತಾನೆಂದು ಮದುವೆಯಾದ ಮಗಳು ಕಾರು ಮಾರಲು ಹಟ ಹಿಡಿದಿದ್ದಳು. ಅವರು ಒಪ್ಪಿದ್ದರು. ಕೀಲಿ ಕೊಡುವ ಮುನ್ನ ಕೊನೆಯದಾಗಿ ಒಮ್ಮೆ ನೋಡಿ ಕೊಡೋಣ ಎಂದಷ್ಟೇ ಅವರ ಆಸೆ.

"ನಿಮಗ ಹ್ಯಾಂಗ ಗೊತ್ತಾಗಬೇಕ್ರಿ" ಎಂದರು. ನನಗೆ ಗೊತ್ತಿತ್ತು. ಮುಟ್ಟಬೇಡ ಎಂದಿದ್ದರು. ಯಾಕೆ ಎಂದು ಕೇಳಿದ್ದರೆ ಹೇಳುತ್ತಿದ್ದರು. ಕೇಳುವ ಬದಲು ಕಳ್ಳನನ್ನು ಹಿಡಿಯುವವಳ ಹಾಗೆ ಅವರ ಬೆನ್ನ ಹಿಂದೆ ಬಾಗಿಲು ತೆಗೆದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ತಮ್ಮ ಫೋನ್ ಮುಗಿಸಿ ಬಂದ. ಅವನು ರೂಢಿಯಂತೆ ತೀರ ಕೆಳಗಿನಿಂದ ಬೆಲೆ ಎತ್ತಿದ, ಅವರು ಮೇಲೆ ಏರಿಸಲಿ ಎಂದು. ಅವರು ಏರಿಸಲಿಲ್ಲ. "ಆತು, ಒಯ್ರಿ" ಎಂದರು. ದಾರಿಯುದ್ದಕ್ಕೂ ತಮ್ಮ, "ನೀ ಬಂದದ್ದಕ್ಕ ಕೆಲಸ ಆತಕ್ಕ, ಏನ್ ಹೇಳಿದಿ ಅವರಿಗಿ?" ಎಂದು ಹೊಗಳಿದ್ದೇ ಹೊಗಳಿದ್ದು. ಪ್ರತಿ ಸಲವೂ ಕಪಾಳಕ್ಕೆ ಬಿದ್ದಂತಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಕಾರು ಬೀದರಿನ ಮನೆಗೆ ಬಂತು. ಓಣಿಯ ಮಂದಿಯೆಲ್ಲ ಒಮ್ಮೊಮ್ಮೆ ಹಿಂದೆ ಕೂತು ಫೋಟೋ ತೆಗೆಸಿಕೊಂಡರು. ನಾನು ಔರಾದಿನಿಂದ ಬಂದಾಗಲೆಲ್ಲ ಮುಂದೆಯೇ ಕೂರುತ್ತಿದ್ದೆ. ಹಿಂದೆ ಕೂತರೆ ವಾಂತಿ ಬರುತ್ತದೆ ಎಂದು ಸುಳ್ಳು ಹೇಳಿದ್ದೆ. ಹೈದರಾಬಾದಿನ ವರ್ಕ್‌ಷಾಪೊಂದಕ್ಕೆ ಗುಟ್ಟಾಗಿ ಫೋನ್ ಮಾಡಿ, ಅಳಿಸಿದ ಭಂಗಿ ತಿರುಗಿ ಬರುತ್ತದೆಯೇ ಎಂದು ಕೇಳಿದೆ. ಹೊಸದು ಉಳಿಸಿದ ಮೇಲೆ ಹಳೆಯದು ಎಲ್ಲಿಯೂ ಇರುವುದಿಲ್ಲ ಎಂದರು. ಕ್ಲಾಸಿನಲ್ಲಿ ಮಕ್ಕಳ ಪೇಪರಿನ ಮೇಲೆ ಕೆಂಪು ಪೆನ್ನು ಊರುವಾಗ ಕೈ ತಡೆಯುತ್ತಿತ್ತು.

ಬೇಸಿಗೆ ರಜೆಯಲ್ಲಿ ಒಂದು ದಿನ ತಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಎದ್ದು ಕೀಲಿ ತೆಗೆದುಕೊಂಡು, "ನಡಿ" ಎಂದ.

ಭಾಲ್ಕಿಯಲ್ಲಿ ಅವರ ಮನೆ ಮುಂದೆ ಕಾರು ನಿಂತಾಗ ಅವರ ಮುಖ ಬಿಳುಚಿಕೊಂಡಿತು. ನಾನು ಕ್ಷಮೆ ಕೇಳಿದೆ. ಮತ್ತೆ ಹಾಗೇ ಕೂಡಿಸೋಣ, ನೀವು ತೋರಿಸಿರಿ ಎಂದೆ.

"ಬ್ಯಾಡ ಬಿಡ್ರಿ ಅಕ್ಕಾರ. ಆಗಿದ್ದಾತು."

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಕೈ ಮುಗಿದು, ಒತ್ತಾಯ ಮಾಡಿ, ಅವರನ್ನು ಕಾರಿನ ತನಕ ಎಳೆತಂದೆ. ಆ ಹಟವೂ ನನ್ನ ಹೊಟ್ಟೆ ತಣ್ಣಗಾಗಲೆಂದೇ ಹೊರತು ಅವರಿಗಾಗಿ ಅಲ್ಲ ಎಂದು ಈಗ ತಿಳಿಯುತ್ತದೆ.

ಅವರು ಬಟನ್ ಒತ್ತುತ್ತ ಸೀಟನ್ನು ಹಿಂದೆ ಮುಂದೆ ಮಾಡಿದರು. ಖಾಲಿ ಸೀಟಿನಲ್ಲಿ ಅವರಿಗೆ ಏನೂ ತಿಳಿಯಲಿಲ್ಲ. ಕೊನೆಗೆ ನೆಲ ನೋಡುತ್ತ, "ತಪ್ಪು ತಿಳೀಬ್ಯಾಡ್ರಿ. ಜರಾ ನೀವು ಕುಂದರ್ತೀರೇನ್ರಿ? ಅಕಿ ನಿಮ್ಮಷ್ಟೇ ಎತ್ತರ" ಎಂದರು.

ಕೂತೆ. ಅವರು ಬಾಗಿಲಲ್ಲಿ ನಿಂತು ಒರಗು ಇಳಿಸಿದರು, ಏರಿಸಿದರು, ಪಾದದ ಆಸರೆ ಎತ್ತಿದರು. "ಇಲ್ಲ" ಎಂದರು. ಮತ್ತೆ ಇಳಿಸಿದರು. ಬಿಸಿಲಿಗೆ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. "ಇಷ್ಟೇ ಇತ್ತೇನು… ಇಲ್ಲ, ಇಲ್ಲ." ನಾನು ಅಲುಗಾಡದೆ ಬಿದ್ದಿದ್ದೆ. ತಡೆಯಬೇಕೆಂದರೂ ಕಣ್ಣು ತುಂಬಿ ಬಂತು. ಅವರು ಸೀಟನ್ನು ಬಿಟ್ಟು ನನ್ನ ಮುಖ ನೋಡಿದರು. ಬಟನ್ ಮೇಲಿನ ಕೈ ತೆಗೆದರು.

"ಹಾಂ. ಇದೇ. ಬರಾಬರ್ ಇದೇ ಅದರಿ" ಎಂದರು.

ಅದಲ್ಲ. ಅವರ ಹೆಂಡತಿಯ ಭಂಗಿಯನ್ನು ಕೊನೆಯ ಸಲ ನೋಡಿದವಳು ನಾನು. ಮೊಳಕಾಲಿನ ಕಡೆ ಇನ್ನೂ ಎತ್ತರವಿತ್ತು, ತಲೆದಿಂಬು ಇನ್ನೂ ಮುಂದಿತ್ತು. ಎಷ್ಟು ಎತ್ತರ, ಎಷ್ಟು ಮುಂದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಅಂದು ನಾನು ನೋಡಿದ್ದು ತಪ್ಪನ್ನು ಮಾತ್ರ. ಅವರಿಗೂ ಅದಲ್ಲವೆಂದು ಗೊತ್ತಿತ್ತು. ನನ್ನನ್ನು ಸಮಾಧಾನ ಮಾಡಿ ಕಳಿಸಲಿಕ್ಕೆ ಇದೇ ಎಂದಿದ್ದರು. ನಾನು ಉಳಿಸುವ ಬಟನ್ ಒತ್ತಿ, ಎರಡು ಒತ್ತಿದೆ.

ಇಳಿಯಲು ಹೋದೆ. "ಅಲ್ಲೇ ಕುಂದರ್ರಿ ಅಕ್ಕಾರ, ಹಾಂಗೇ ಹೋಗ್ರಿ" ಎಂದು ಅವರೇ ಬಾಗಿಲು ಮುಂದಕ್ಕೆ ತಳ್ಳಿದರು. ಅದು ಮೆಲ್ಲಗೆ ತಾನೇ ಎಳೆದುಕೊಂಡು ಮುಚ್ಚಿತು. ಕಾರು ತಿರುಗುವ ಮೊದಲೇ ಅವರು ಒಳಗೆ ಹೋಗಿದ್ದರು.

ಊರು ದಾಟುವಷ್ಟರಲ್ಲಿ ಬೆನ್ನು ನೋಯತೊಡಗಿತು. ಸೊಂಟದಲ್ಲಿ ಶುರುವಾದದ್ದು ಭುಜದವರೆಗೆ ಏರಿತು. ಒಂದು ಬೆರಳು ಚಾಚಿದರೆ ಸೀಟು ನೆಟ್ಟಗಾಗುತ್ತಿತ್ತು. ಚಾಚಲಿಲ್ಲ. ಬೀದರ ಸಮೀಪಿಸಿದಾಗ ತಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಅಕ್ಕಾ, ಆರಾಮ ಅದ ಏನು?"

"ಹೂಂ, ಆರಾಮ ಅದ" ಎಂದೆ.