ಪಲಾಶಿಕೆಯ ಸುಲಭಾಬಾಯಿ

ಬೆಳಗಾವಿಯ ನೆಹರು ನಗರದ ಕಡೆಗಿನ ಒಂದು ಆಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ಸುಲಭಾ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದಳು. ಡಾಕ್ಟರು ಅರಿವಳಿಕೆಯ ಔಷಧ ಕೊಡುವಾಗ ರೋಗಿಯ ತಲೆಯ ಕಡೆ ನಿಂತು ಮಾಸ್ಕ್ ಹಿಡಿಯುವುದು, ಆಪರೇಶನ್ ಮುಗಿಯುವ ತನಕ ಉಸಿರಿನ ಮೇಲೆ ಕಣ್ಣಿಡುವುದು ಅವಳ ಕೆಲಸ. ಬೇರೆಯವರು ರೋಗಿಗಳಿಗೆ ಒಂದು, ಎರಡು, ಮೂರು ಎಣಿಸಲು ಹೇಳುತ್ತಿದ್ದರು. ಸುಲಭಾ ಹಾಗೆ ಹೇಳುತ್ತಿರಲಿಲ್ಲ. ನಾನು ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೇನೆ, ನಿಮ್ಮ ಮನೆಗೆ ಹೇಗೆ ಬರಲಿ ಎಂದು ಕೇಳುತ್ತಿದ್ದಳು. ರೋಗಿಗಳು ಹೇಳತೊಡಗುತ್ತಿದ್ದರು. ಎಡಕ್ಕೆ ಹಿಟ್ಟಿನ ಗಿರಣಿ, ಅದನ್ನು ದಾಟಿದರೆ ಹನುಮಪ್ಪನ ಗುಡಿ, ಗುಡಿಯ ಹಿಂದಿನ ಸಂದಿ ಹಿಡಿದು ಬಂದರೆ... ಯಾವುದೋ ಒಂದು ತಿರುವಿನಲ್ಲಿ ಮಾತು ನಿಂತುಬಿಡುತ್ತಿತ್ತು. ಮನೆ ಮುಟ್ಟುವ ತನಕ ಯಾರೂ ಹೇಳಿದ್ದಿಲ್ಲ. ಹಾಗೆ ಅರ್ಧಕ್ಕೆ ನಿಂತ ನೂರಾರು ಊರುಗಳ ದಾರಿಗಳು ಸುಲಭಾಳ ತಲೆಯಲ್ಲಿದ್ದವು.

ನಲವತ್ತೆಂಟನೆಯ ವಯಸ್ಸಿನಲ್ಲಿ ಅವಳಿಗೇ ಪಿತ್ತಕೋಶದ ಕಲ್ಲಿನ ಆಪರೇಶನ್ ಆಯಿತು. ಜೊತೆಯ ಕೆಲಸಗಾರ್ತಿ ನಗುತ್ತ ಅದೇ ಪ್ರಶ್ನೆ ಕೇಳಿದಳು. ಸುಲಭಾ ಖಾನಾಪುರದ ಸ್ಟ್ಯಾಂಡಿನಿಂದ ಹೊರಟು ಮಲಪ್ರಭೆಯ ದಂಡೆಯ ತವರುಮನೆಯ ದಾರಿ ಹೇಳಿದಳು. ನದಿ ಕಾಣುವ ಇಳಿಜಾರಿಗೆ ಬಂದದ್ದು ನೆನಪಿದೆ. ಮರುಕ್ಷಣ ಯಾರೋ ಗಲ್ಲ ತಟ್ಟಿ ಎಬ್ಬಿಸುತ್ತಿದ್ದರು. ನಡುವೆ ಎರಡು ತಾಸು ಕಳೆದಿತ್ತಂತೆ.

ಆ ಎರಡು ತಾಸು ಅವಳನ್ನು ಬಿಡಲಿಲ್ಲ. ನಿದ್ದೆಯಿಂದ ಎದ್ದವನಿಗೆ ಮಲಗಿದ್ದೆನೆಂಬುದಾದರೂ ಗೊತ್ತಿರುತ್ತದೆ. ಇದು ಹಾಗಲ್ಲ, ಕತ್ತಲೆ ಕೂಡ ಅಲ್ಲ. ನಾನು ಎಲ್ಲಿ ಹೋಗಿದ್ದೆ ಎಂದು ಕೇಳಿಕೊಂಡರೆ ಅಂಜಿಕೆಯಾಗುತ್ತಿತ್ತು. ಸಾವಿರಾರು ಜನರಿಗೆ ತಾನು ಧೈರ್ಯವಾಗಿ ಹೇಳಿದ ‘ಸ್ವಲ್ಪ ನಿದ್ದೆ ಅಷ್ಟೇ’ ಎಂಬ ಮಾತು ಸುಳ್ಳೆನಿಸಿತು. ಡಾಕ್ಟರನ್ನು ಕೇಳಿದಳು. ಅವರು ಒಳ್ಳೆಯವರು, ಇದಕ್ಕೆ ಉತ್ತರ ತಮ್ಮ ಶಾಸ್ತ್ರದಲ್ಲೂ ಇನ್ನೂ ಪೂರ್ತಿ ಸಿಕ್ಕಿಲ್ಲ ಎಂದು ಒಪ್ಪಿಕೊಂಡು ಚಹಾ ಕುಡಿಯಲು ಹೋದರು.

ಹೊಲಿಗೆ ಮಾಯುವ ತನಕ ಖಾನಾಪುರದಲ್ಲಿ ಅಣ್ಣ ಕೃಷ್ಣಾಜಿಯ ಮನೆಯಲ್ಲಿದ್ದಳು. ಕೃಷ್ಣಾಜಿ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ತಂಗಿ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಒಂದು ದಿನ ಹಲಸಿಗೆ ಕರೆದುಕೊಂಡು ಹೋದ. ಖಾನಾಪುರದಿಂದ ಹೆಚ್ಚು ದೂರವಿಲ್ಲದ ಸಣ್ಣ ಹಳ್ಳಿ ಅದು. ಸುತ್ತ ಗದ್ದೆ, ಕಾಡು, ನಡುನಡುವೆ ಕಪ್ಪು ಕಲ್ಲಿನ ಗುಡಿಗಳು. ಸಾವಿರದ ಐನೂರು ವರ್ಷದ ಹಿಂದೆ ಇದು ಪಲಾಶಿಕೆಯೆಂಬ ಪಟ್ಟಣವಾಗಿತ್ತು, ಕದಂಬರ ಎರಡನೆಯ ರಾಜಧಾನಿ ಎಂದು ಕೃಷ್ಣಾಜಿ ಹೇಳುತ್ತ ನಡೆದ. ಊರು ಬಿಟ್ಟು ಊರು ತಿರುಗುತ್ತಿದ್ದ ಜೈನ ಮುನಿಗಳು ಮಳೆಗಾಲದಲ್ಲಿ ಮಾತ್ರ ಒಂದೆಡೆ ನಿಲ್ಲುತ್ತಿದ್ದರು. ಆ ನಾಲ್ಕು ತಿಂಗಳು ಅವರಿಗೆ ಊಟಕ್ಕೆ ಕೊರತೆಯಾಗಬಾರದೆಂದು ಇಲ್ಲಿಯ ಅರಸ ತಾಮ್ರಪಟದಲ್ಲಿ ಬರೆಸಿಕೊಟ್ಟಿದ್ದ.

“ನಾಲ್ಕ ತಿಂಗಳ ಇಲ್ಲಿ ಕುಂತು ಏನ ಮಾಡ್ತಿದ್ರು ದಾದಾ?” ಎಂದು ಸುಲಭಾ ಕೇಳಿದಳು.

“ಮಾತಾಡ್ತಿದ್ರು. ಜೀವ ಅಂದ್ರ ಏನು, ಅದು ಎಲ್ಲಿಂದ ಬರ್ತದ, ಎಲ್ಲಿಗೆ ಹೋಗ್ತದ, ಯಾರಿಗೆ ಬಿಡುಗಡಿ ಐತಿ, ಯಾರಿಗಿಲ್ಲ.”

ಸುಲಭಾ ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರನ್ನೂ ನಿಲ್ಲಿಸಿ ಕೇಳಲಾಗದಿದ್ದ ಪ್ರಶ್ನೆಯನ್ನು ಇಲ್ಲಿ ಒಂದಿಡೀ ಊರು ಕೇಳಿಕೊಂಡಿತ್ತು. ಕೇಳುವವರ ಹೊಟ್ಟೆ ತುಂಬಿರಲಿ ಎಂದು ಒಬ್ಬ ಅರಸ ಹೊಲ ಬಿಟ್ಟುಕೊಟ್ಟಿದ್ದ. ಅವಳಿಗೆ ಎಷ್ಟೋ ದಿನಗಳ ಮೇಲೆ ಹಗುರವೆನಿಸಿತು.

ಆಮೇಲೆ ರಜೆಯ ಭಾನುವಾರಗಳೆಲ್ಲ ಹಲಸಿಯವೇ ಆದವು. ಅಣ್ಣನ ಪುಸ್ತಕಗಳನ್ನು ಓದಿದಳು. ಕಾಲೇಜಿನ ಮೇಷ್ಟ್ರುಗಳನ್ನು ಹುಡುಕಿ ಹೋಗಿ ಕೇಳಿದಳು. ಮೊದಲು ನರ್ಸಿಂಗ್ ಹುಡುಗಿಯರು ಬೆನ್ನು ಹತ್ತಿ ಬಂದರು, ಅವರ ಹಿಂದೆ ಅವರ ಮನೆಯವರು. ಒಂದೆರಡು ವರ್ಷದಲ್ಲಿ ತಿಂಗಳ ಮೊದಲ ಭಾನುವಾರ ಬೆಳಗಾವಿಯಿಂದ ಒಂದು ಟೆಂಪೊ ಹೊರಡುವುದು, ಸುಲಭಾಬಾಯಿ ಹಲಸಿ ತೋರಿಸುವುದು ರೂಢಿಯಾಗಿಹೋಯಿತು. ಕನ್ನಡದಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಮತ್ತೊಮ್ಮೆ ಹೇಳುತ್ತಿದ್ದಳು. ಶಿಲ್ಪಗಳ ಅಳತೆ, ಇಸವಿ ಅವಳಿಗೆ ಅಷ್ಟು ಬರುತ್ತಿರಲಿಲ್ಲ. ಎದುರುಬದುರು ನಿಂತ ನರಸಿಂಹ, ಭೂವರಾಹರ ನಡುವಿನ ಮಂಟಪದಲ್ಲಿ ಜನರನ್ನು ಕೂರಿಸಿ, ಎರಡು ದೇವರು ಒಬ್ಬರನ್ನೊಬ್ಬರು ನೋಡುತ್ತಿರುವಾಗ ನಡುವೆ ಕೂತವರು ಯಾರು ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಯಾರಾದರೂ ಅವಳನ್ನೇ ತಿರುಗಿ ಕೇಳಿದರೆ ತನಗೆ ಗೊತ್ತಿಲ್ಲ ಎನ್ನುತ್ತಿದ್ದಳು. ಅದು ಖರೆಯೂ ಆಗಿತ್ತು. ಏಳು ವರ್ಷ ನಡೆದರೂ ಆ ಎರಡು ತಾಸಿನ ಅಂಜಿಕೆ ಒಳಗೆ ಹಾಗೇ ಉಳಿದಿತ್ತು.

ಹೋದ ವರ್ಷದ ಆಗಸ್ಟಿನಲ್ಲಿ ಬಂದವರು ಹನ್ನೊಂದು ಜನ. ಜಿಟಿಜಿಟಿ ಮಳೆ. ಮಂಜು ಗದ್ದೆಯಿಂದ ಎದ್ದು ಗುಡಿಯ ಶಿಖರದ ತನಕ ತುಂಬಿತ್ತು. ಮುಂದೆ ನಡೆಯುವವರ ಕೊಡೆ ಮಾತ್ರ ತೇಲಿದಂತೆ ಕಾಣುತ್ತಿತ್ತು. ಬಂದವರಲ್ಲಿ ಬೆಳಗಾವಿ ಕೋಟೆಯ ಹತ್ತಿರದ ರುಕ್ಸಾರ ಎಂಬ ಉರ್ದು ಶಾಲೆಯ ಟೀಚರ್ ಇದ್ದಳು. ಅವಳ ಕೈ ಹಿಡಿದು ಎಪ್ಪತ್ತು ದಾಟಿದ ತಾಯಿ ಮದರಬೀ ನಿಧಾನ ಹೆಜ್ಜೆ ಹಾಕುತ್ತಿದ್ದಳು.

ಗುಡಿಯಿಂದ ಹಾಳುಬಿದ್ದ ಬಸದಿಯ ಕಡೆ ಹೊರಟಾಗ ದಾರಿ ಕಾಣದಾಯಿತು. ಸುಲಭಾ ಹಿಂದಿನವರಿಗೆ ಕೇಳುವ ಹಾಗೆ, “ಸಾವಕಾಶ ಬರ್ರಿ. ಎಡಕ್ಕ ಒಂದು ಕಟ್ಟಿ ಬರ್ತದ. ಕಟ್ಟಿ ದಾಟಿದ ಮ್ಯಾಲ ಏನ ಬಂತು ನನಗ ಹೇಳ್ರಿ,” ಎಂದಳು.

ಮದರಬೀ ನಿಂತುಬಿಟ್ಟಳು. ಮಂಜಿನಲ್ಲಿ ಮುಖ ಕಾಣದಿದ್ದರೂ ದನಿ ಬಂದ ಕಡೆ ತಿರುಗಿ, “ಸಿಸ್ಟರ, ನನ್ನ ಮಲಗಿಸಿದವರು ನೀವ ಏನ್ರಿ?” ಎಂದು ಕೇಳಿದಳು.

ನಾಲ್ಕು ವರ್ಷದ ಹಿಂದೆ ಅವಳ ಹೊಟ್ಟೆಯ ಗಡ್ಡೆ ತೆಗೆದಿದ್ದರು. ಕೋಟೆಯ ಬಾಗಿಲಿನಿಂದ ಶುರುಮಾಡಿ, ಬೇವಿನ ಗಿಡದ ತನಕ ದಾರಿ ಹೇಳಿದ್ದಳಂತೆ. ಸುಲಭಾಳ ಮುಖ ಮಾಸ್ಕಿನೊಳಗಿತ್ತು, ದನಿಯನ್ನು ಮಾತ್ರ ಮುದುಕಿ ಮರೆತಿರಲಿಲ್ಲ. ಸುಲಭಾ ಎಷ್ಟು ನೆನೆದರೂ ಆ ಬೇವಿನ ಗಿಡ ನೆನಪಾಗಲಿಲ್ಲ. ಸುಳ್ಳು ಹೇಳಲು ಮನಸ್ಸಾಗದೆ, ನೆನಪಿಲ್ಲ ಅಮ್ಮಾ ಎಂದಳು. ಮುದುಕಿ ಅದಕ್ಕೇನೂ ಬೇಸರಪಡಲಿಲ್ಲ, ಎಷ್ಟು ಮಂದಿಯನ್ನಂತ ನೆನಪಿಡುತ್ತೀರಿ ಎಂದಳು.

ಬಸದಿಯಲ್ಲಿ ಸುಲಭಾ ಯಾಪನೀಯರ ಸುದ್ದಿ ಹೇಳಿದಳು. ಈ ಪಟ್ಟಣದಲ್ಲಿ ನಿಲ್ಲುತ್ತಿದ್ದ ಮುನಿಗಳಲ್ಲಿ ಅವರದೊಂದು ಸಂಘ. ಹೆಂಗಸು ಇದೇ ಜನ್ಮದಲ್ಲಿ ಬಿಡುಗಡೆ ಪಡೆಯಬಲ್ಲಳು, ಬೇರೆ ಮತದವರಿಗೂ ಅದು ಸಿಕ್ಕೀತು ಎಂದು ಅವರು ವಾದಿಸುತ್ತಿದ್ದರು. ಕೇಳಿ ಮುಗಿದ ಮೇಲೆ ಉಳಿದವರು ರುಕ್ಸಾರಳ ಜೊತೆ ಕೆತ್ತನೆ ನೋಡಲು ಹೋದರು. ಮೊಣಕಾಲು ನೋಯುತ್ತದೆಂದು ಮದರಬೀ ಕಟ್ಟೆಯ ಮೇಲೆ ಕೂತಳು. ಸುಲಭಾ ಅವಳ ಬಾಜೂ ಕೂತಳು.

“ಒಳ್ಳೆ ಮಂದಿ ಇದ್ರು. ಅವರೆಲ್ಲ ಎಲ್ಲಿ ಹ್ವಾದ್ರು?” ಎಂದಳು ಮದರಬೀ.

ಬೇರೆ ಸಂಘಗಳಲ್ಲಿ ಕೂಡಿಹೋದರೆಂದು ಹೇಳುತ್ತಾರೆ, ಆ ಹೆಸರಿನವರು ಈಗ ಯಾರೂ ಉಳಿದಿಲ್ಲ ಎಂದು ಸುಲಭಾ ಹೇಳಿದಳು. ಆಮೇಲೆ, ಇಪ್ಪತ್ತೆಂಟು ವರ್ಷದಲ್ಲಿ ಯಾವ ರೋಗಿಯನ್ನೂ ಕೇಳದ್ದನ್ನು ಸುಲಭಾ ಕೇಳಿದಳು.

“ಬೇವಿನ ಗಿಡ ಆದ ಮ್ಯಾಲ ನೀವು ಎಲ್ಲಿದ್ರಿ ಅಮ್ಮಾ?”

ಮದರಬೀ ಅವಸರ ಮಾಡಲಿಲ್ಲ. ಸೆರಗಿನಿಂದ ಮುಖದ ಹನಿ ಒರೆಸಿಕೊಂಡಳು.

“ಎಲ್ಲೂ ಇರಲಿಲ್ಲರೀ. ಆದ್ರ ಕಳದಿರಲಿಲ್ಲ. ಒಳಗ ಕರಕೊಂಡು ಹೋಗೂಕಿಂತ ಮೊದಲ ನನ್ನ ಕೈಯಾನ ಬಳಿ ಬಿಚ್ಚಿ ರುಕ್ಸಾರನ ಕೈಯಾಗ ಕೊಟ್ಟಿದ್ರು. ಎದ್ದ ಮ್ಯಾಲ ಆಕಿ ತಿರುಗಿ ಹಾಕಿದ್ಲು. ಬಳಿಗೇನ ಗೊತ್ತಿರ್ತದ, ಎಲ್ಲಿದ್ದೆ ಅಂತ? ಇಟ್ಕೊಂಡಾಕಿಗೆ ಗೊತ್ತಿರ್ತದ. ನನ್ನೂ ಹಂಗ ಯಾರೋ ಇಟ್ಕೊಂಡಿದ್ರು. ಅಲ್ಲಾ ಇಟ್ಕೊಂಡಿದ್ನೋ, ನೀವು ಇಟ್ಕೊಂಡಿದ್ರೋ, ನಾ ಏನ ಹೇಳ್ಲಿ.”

ಇಷ್ಟು ವರ್ಷ ಆ ಎರಡು ತಾಸನ್ನು ಸುಲಭಾ ಒಳಗಿನಿಂದ ತಡಕಾಡಿದ್ದಳು. ಹೊರಗಿನಿಂದ ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗದ್ದದ ಕೆಳಗೆ ಎರಡು ಬೆರಳು ಇಟ್ಟು, ಉಸಿರು ಏರುವುದನ್ನೂ ಇಳಿಯುವುದನ್ನೂ ನೋಡುತ್ತ, ತುಟಿಯ ಬಣ್ಣ ನೋಡುತ್ತ ನಿಂತ ತಾಸುಗಳು ಎಷ್ಟು ಸಾವಿರವೋ. ಒಂದು ದಿನವೂ ಅಲ್ಲಿ ಯಾರೂ ಇಲ್ಲ ಎಂದು ಅವಳಿಗೆ ಅನಿಸಿರಲಿಲ್ಲ. ಮಲಗಿದ ಹೆಣ್ಣಿನ ಕೂದಲು ಕಣ್ಣಿಗೆ ಬಿದ್ದರೆ ಸರಿಸಿದ್ದಳು. ಕೈ ತಣ್ಣಗಾದರೆ ಹೊದಿಕೆ ಎಳೆದಿದ್ದಳು. ಅವಳು ಮದರಬೀಯ ಒದ್ದೆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಅಳು ಬಂತು, ಬರಲೆಂದು ಬಿಟ್ಟಳು.

ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅವಳು ಯಾರಿಗೂ ಹೇಳಲಿಲ್ಲ. ಅಂಜಿಕೆ ಮಾತ್ರ ಹೋಗಿತ್ತು. ಎಲ್ಲಿ ಬಿಟ್ಟುಹೋಯಿತೆಂದು ಕೇಳಿದ್ದರೆ ಆ ಕಟ್ಟೆಯ ಮೇಲೆ ಎನ್ನುತ್ತಿದ್ದಳೇನೋ. ಮರುದಿನ ಥಿಯೇಟರಿನಲ್ಲಿ ನಂದಗಡದ ಒಬ್ಬ ರೈತನಿಗೆ ಮಾಸ್ಕ್ ಹಿಡಿದಾಗ, ‘ಸ್ವಲ್ಪ ನಿದ್ದೆ ಅಷ್ಟೇ’ ಎನ್ನದೆ, “ನಾ ಇಲ್ಲೇ ಇರ್ತೀನ್ರಿ,” ಎಂದಳು.

ಈ ವರ್ಷ ಏಪ್ರಿಲ್‌ನಲ್ಲಿ ಅವಳ ನಿವೃತ್ತಿಯಾಯಿತು. ಮದರಬೀಗೆ ಮೊಣಕಾಲು ಹೆಚ್ಚು ನೋಯುವುದರಿಂದ ಈಗ ಹಲಸಿಗೆ ಬರಲಾಗುವುದಿಲ್ಲ. ಬುಧವಾರ ಸುಲಭಾಳೇ ಅವರ ಮನೆಗೆ ಹೋಗಿ ಕೂತು ಬರುತ್ತಾಳೆ. ರುಕ್ಸಾರ ಮಾತ್ರ ಒಂದು ಭಾನುವಾರವೂ ತಪ್ಪಿಸಿಲ್ಲ. ಜುಲೈಯಲ್ಲಿ ಕೋಟೆ ಕಡೆಯ ಎಂಟು ಹೆಂಗಸರನ್ನು ಕರೆತಂದಳು. ಅವರಲ್ಲಿ ಕೆಲವರಿಗೆ ಕನ್ನಡವೂ ಮರಾಠಿಯೂ ಪೂರ್ತಿ ಹತ್ತುವುದಿಲ್ಲ. ಆದ್ದರಿಂದ ಅಂದು ದಾರಿಯನ್ನೆಲ್ಲ ರುಕ್ಸಾರಳೇ ದಖನಿ ಉರ್ದುವಿನಲ್ಲಿ ಹೇಳುತ್ತ ಮುಂದೆ ನಡೆದಳು. ಸುಲಭಾ ಎಲ್ಲರಿಗಿಂತ ಹಿಂದೆ ಉಳಿದಳು. ಮಳೆ ಹಿಡಿದಿತ್ತು, ಗದ್ದೆಯ ನೀರಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ರುಕ್ಸಾರ ಏನೋ ಕೇಳಿದಳು, ಹೆಂಗಸರು ನಕ್ಕರು, ಆಮೇಲೆ ಎಲ್ಲರೂ ಒಟ್ಟಿಗೆ ಸುಮ್ಮನಾದರು. ಸುಲಭಾಳಿಗೆ ಅರ್ಧ ತಿಳಿಯಿತು, ಅರ್ಧ ಮಳೆಯ ಸದ್ದಿನಲ್ಲಿ ಹೋಯಿತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ಅವರ ಹಿಂದೆ ನಡೆದಳು.